ಎಲ್ಲ ಕಿಟಕಿಗಳಲ್ಲೂ ದೀಪ

"ಇನ್ನೊಂಚೂರು ಜಗ್ಗಿ, ಚಿಕ್ಕಮ್ಮ. ಎಡಗಡೆ ತಗ್ಗಿದೆ."

ಬಡಗಿಯ ಮಾತಿಗೆ ಚಿಕ್ಕಮ್ಮ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಎಳೆದಳು. ವೇದಿಕೆಯ ಹಿಂಬದಿಯಲ್ಲಿ ಸುರುಳಿಯಾಗಿ ಬಿದ್ದಿದ್ದ ಪರದೆ ನಿಧಾನವಾಗಿ ಬಿಚ್ಚಿಕೊಳ್ಳುತ್ತ ಮೇಲೇರಿತು. ಮೊದಲು ಸಂಜೆಯ ಆಕಾಶ ಬಂತು. ಆಮೇಲೆ ಮಾಳಿಗೆಗಳು, ಒಂದು ನೀರಿನ ಟ್ಯಾಂಕು, ತಂತಿಗಳು. ಆಮೇಲೆ ಬೀದಿಯ ಎರಡೂ ಬದಿಯ ಮನೆಗಳು. ಕಿಟಕಿಗಳು ಕಾಣತೊಡಗಿದಾಗ ಅವಳ ಕೈ ತಾನಾಗಿಯೇ ನಿಂತಿತು.

ಎಲ್ಲ ಕಿಟಕಿಗಳಲ್ಲೂ ದೀಪ ಹತ್ತಿತ್ತು.

"ಯಾಕೆ, ತೋಳು ಸೋತಿತಾ?" ಎಂದು ಬಡಗಿ ಅವಳ ಕೈಯಿಂದ ಹಗ್ಗ ತೆಗೆದುಕೊಂಡು ಗೂಟಕ್ಕೆ ಬಿಗಿದ. ಎರಡು ಹೆಜ್ಜೆ ಹಿಂದೆ ಸರಿದು ಪರದೆಯನ್ನು ಕಣ್ತುಂಬ ನೋಡಿದ. "ಹುಡುಗಿ ಒಬ್ಬಳೇ ಮುಗಿಸಿದ್ಲಂತೆ, ನಾವೆಲ್ಲ ಅತ್ಕೊಂಡು ಕೂತಿದ್ದಾಗ. ರಕ್ತ ಎಲ್ಲಿಗೆ ಹೋಗತ್ತೆ ಹೇಳಿ."

ಚಿಕ್ಕಮ್ಮ ಮುಂಗೈಯಲ್ಲಿ ಮೂಡಿದ್ದ ಹಗ್ಗದ ಗುರುತನ್ನು ಉಜ್ಜಿಕೊಂಡಳು.

ಪರದೆಯ ಮುಂದೆ, ಬಡಗಿಯೇ ಮಾಡಿದ ಪೆಟ್ಟಿಗೆಯಲ್ಲಿ ಚಿಕ್ಕಮ್ಮನ ಅಕ್ಕ ಮಲಗಿದ್ದಳು. ಈ ರಂಗಮಂದಿರಕ್ಕೆ ಪರದೆ ಬರೆಯುತ್ತಲೇ ಮುದುಕಿಯಾದವಳು. ಚಿತಾಗಾರಕ್ಕೆ ಒಯ್ಯುವ ಮೊದಲು ಸ್ವಲ್ಪ ಹೊತ್ತು ಅವಳನ್ನು ವೇದಿಕೆಯ ಮೇಲೆ ಇಡೋಣ ಎಂದು ಮಂದಿರದವರು ಹೇಳಿದ್ದರು. ಹಿಂದೆ ಅವಳದೇ ಕೊನೆಯ ಪರದೆ ಇರಲಿ ಎಂದವಳು ಮಗಳು ಚುಕ್ಕಿ.

ಆ ಪರದೆಯನ್ನು ಅಕ್ಕ ಮುಗಿಸಿರಲಿಲ್ಲ. ಮಂದಿರದ ದರ್ಜಿಯಾದ ಚಿಕ್ಕಮ್ಮ ಅಂಚು ಹೊಲಿಯಲು ಹೋದಾಗ ನೋಡಿದ್ದಳು: ಬೂದು ನೀಲಿಯ ಮನೆಗಳು, ಕತ್ತಲೆಯ ಕಿಟಕಿಗಳು, ಬಲಗಡೆ ಮಹಡಿಯಲ್ಲಿ ಒಂದೇ ಒಂದು ಹಳದಿ ಚೌಕ. ಅಕ್ಕ ಹುಷಾರಾಗಿದ್ದ ವರ್ಷಗಳಲ್ಲೆಲ್ಲ ಅವಳ ಬೀದಿಗಳು ಹೀಗೇ ಇರುತ್ತಿದ್ದವು. ನೋಡುವವರ ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿ ಮಾತ್ರ ಬೆಳಕು. ಊರಿಗೆಲ್ಲ ಬೆಳಕು ಕೊಡುತ್ತಿದ್ದದ್ದು ಬೇರೆ ದಿನಗಳಲ್ಲಿ.

"ಹೇಗಿದೆ? ಮಾತಾಡು ಚಿಕ್ಕಮ್ಮ, ಹೇಗಿದೆ?"

ಚುಕ್ಕಿ ಪಕ್ಕದ ತೆರೆಯ ಮರೆಯಿಂದ ಬಂದಳು. ಸ್ನಾನ ಮಾಡಿ, ಕೂದಲನ್ನು ಬಿಗಿಯಾಗಿ ಕಟ್ಟಿಕೊಂಡಿದ್ದಳು. ಆದರೂ ಅಂಗೈಯ ಗೆರೆಗಳಲ್ಲಿ ಹಳದಿ ಉಳಿದಿತ್ತು. ಅವಳು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು; ಒಂದು ಮೊಲದ ಕಿವಿಗೆ ವಾರಗಟ್ಟಲೆ ಕೂರುವವಳು; ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವಳು.

"ಯಾವಾಗ ಮುಗಿಸ್ದೆ?"

"ಅಮ್ಮ ಹೋದಾಗಿಂದ ಇಲ್ಲೇ ಇದೀನಲ್ಲ. ಮನೆಗೆ ಹೋಗಿ ಏನ್ ಮಾಡ್ಲಿ, ಗೋಡೆ ನೋಡ್ಲಾ?" ಅವಳು ನಕ್ಕಳು. "ಆ ಒಂದು ಕಿಟಕಿ ಎಷ್ಟು ಒಂಟಿಯಾಗಿತ್ತು ನೋಡಿದ್ಯಾ? ನನಗೆ ಸಹಿಸೋಕಾಗ್ಲಿಲ್ಲ. ಪಕ್ಕದ್ದಕ್ಕೊಂದು ಹಾಕ್ದೆ. ಆಮೇಲೆ ಅದರ ಪಕ್ಕದ್ದು. ಎಲ್ಲಾ ಮನೇಲೂ ಜನ ಇದಾರೆ ಚಿಕ್ಕಮ್ಮ. ಅಮ್ಮ ಮುಚ್ಚಿಟ್ಟಿದ್ಲು, ಅಷ್ಟೇ."

"ನಿದ್ದೆ?"

"ನಿದ್ದೆ ಯಾರಿಗೆ ಬೇಕು. ಆಯಾಸಾನೇ ಆಗ್ತಿಲ್ಲ, ಗೊತ್ತಾ." ಹೂವಿನ ಬುಟ್ಟಿ ಹೊತ್ತು ಬಂದವನನ್ನು ನೋಡಿ ಅವಳು ಅತ್ತ ಹೊರಟಳು, ಅರ್ಧ ದಾರಿಯಲ್ಲಿ ತಿರುಗಿ ಬಂದು ಚಿಕ್ಕಮ್ಮನ ಕೆನ್ನೆಗೊಂದು ಮುತ್ತು ಕೊಟ್ಟು ಮತ್ತೆ ಓಡಿದಳು.

ಚಿಕ್ಕಮ್ಮ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. ಅಕ್ಕನ ಕಣ್ಣು ಮುಚ್ಚಿದವಳು ಅವಳೇ. ರೆಪ್ಪೆಗಳನ್ನು ಒತ್ತುವಾಗ, ಅಳು ಬರುವುದಕ್ಕೂ ಮೊದಲು, ಒಂದು ಹಗುರ ಬಂದು ಹೋಗಿತ್ತು: ಇನ್ನು ಹೆದರಿಕೊಂಡು ಏಳಬೇಕಿಲ್ಲ. ಫೋನು ರಿಂಗಾದರೆ ಎದೆ ಹಿಡಿದುಕೊಳ್ಳಬೇಕಿಲ್ಲ. ಆ ಹಗುರಕ್ಕೆ ಅವಳು ಒಳಗೊಳಗೇ ನಾಚಿಕೊಂಡಿದ್ದಳು ಕೂಡ. ಈಗ ಆ ಹಳೆಯ ಹೆದರಿಕೆ ತನ್ನ ಜಾಗಕ್ಕೆ ಬಂದು ಕೂತಿತು, ಎದ್ದು ಹೋಗಿಯೇ ಇರಲಿಲ್ಲ ಎಂಬಂತೆ.

*

ಆಗ ಚುಕ್ಕಿಗೆ ಆರು ವರ್ಷ. ಅಕ್ಕ ಹೊಸ ನಾಟಕಕ್ಕೆ ನಗರದ ಬೀದಿಯೊಂದನ್ನು ಬರೆಯುತ್ತಿದ್ದಳು. ಬಟ್ಟೆಯನ್ನು ನೆಲಕ್ಕೆ ಹಾಸಿ, ಅಂಚಿಗೆ ಮೊಳೆ ಹೊಡೆದು, ಉದ್ದ ಕೋಲಿಗೆ ಕಟ್ಟಿದ ಕುಂಚ ಹಿಡಿದು, ಅದರ ಮೇಲೇ ಬರಿಗಾಲಲ್ಲಿ ನಡೆಯುತ್ತ ಬರೆಯುವುದು ಅವಳ ರೀತಿ. ಬಣ್ಣದ ಪುಡಿಯನ್ನು ಬಿಸಿ ಅಂಟಿನಲ್ಲಿ ಕಲಸಿ ಬಳಿಯುತ್ತಿದ್ದಳು. ಒಣಗುವವರೆಗೆ ಯಾರೂ ಆ ಕಡೆ ಕಾಲಿಡುವಂತಿರಲಿಲ್ಲ. ಮಂದಿರದ ಯಜಮಾನರೇ ಒಮ್ಮೆ ಚಪ್ಪಲಿ ಹಾಕಿಕೊಂಡು ದಾಟಿ ಬೈಸಿಕೊಂಡಿದ್ದರು.

ಆ ಬೀದಿ ಬೆಳೆಯುತ್ತಲೇ ಹೋಯಿತು. ನಾಟಕಕ್ಕೆ ಬೇಕಿದ್ದದ್ದು ನಾಲ್ಕೈದು ಮನೆ. ಅಕ್ಕ ಬಟ್ಟೆ ಕೇಳುತ್ತಲೇ ಇದ್ದಳು, ಚಿಕ್ಕಮ್ಮ ಹೊಲಿದು ಜೋಡಿಸುತ್ತಲೇ ಇದ್ದಳು. ಅಕ್ಕ ಊಟ ಮರೆತಳು. ಮಾತು ಮಾತ್ರ ಮರೆಯಲಿಲ್ಲ. ಅವಳ ತಮಾಷೆಗೆ ಬಡಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಇಷ್ಟು ಚೆನ್ನಾಗಿ ಅವಳು ಎಂದೂ ಬರೆದಿರಲಿಲ್ಲ ಎಂದು ಎಲ್ಲರೂ ಹೇಳಿದರು. ಅದು ಸುಳ್ಳೂ ಆಗಿರಲಿಲ್ಲ.

ಒಂದು ಮಧ್ಯಾಹ್ನ ಚಿಕ್ಕಮ್ಮ ಊಟದ ಡಬ್ಬಿ ಹಿಡಿದು ಒಳಗೆ ಬಂದಾಗ ವೇದಿಕೆಯ ಹತ್ತಿರ ಯಾರೂ ಇರಲಿಲ್ಲ. ಚುಕ್ಕಿಯ ನಗು ಮಾತ್ರ ಕೇಳಿತು, ಮೇಲಿನಿಂದ. ಪರದೆಯ ಹಗ್ಗಗಳನ್ನು ಕಟ್ಟುವ ಹಲಗೆಯೊಂದು ಸೂರಿನ ಹತ್ತಿರ ವೇದಿಕೆಗೆ ಅಡ್ಡಲಾಗಿ ಇತ್ತು. ಒಬ್ಬರು ನಡೆಯುವಷ್ಟು ಅಗಲ. ಅದರ ಅಂಚಿನಲ್ಲಿ ಅಕ್ಕ ನಿಂತಿದ್ದಳು, ಮಗಳ ಕೈ ಹಿಡಿದುಕೊಂಡು.

"ಬಾರೇ ಮೇಲೆ," ಎಂದು ಅಕ್ಕ ಕರೆದಳು. "ಇಲ್ಲಿಂದ ನೋಡು. ಎಲ್ಲಾ ಮನೇಲೂ ದೀಪ ಹಚ್ಚಿದಾರೆ. ನಾವಿಬ್ರೂ ಇಳಿದು ಒಂದು ಸುತ್ತು ಹೋಗಿ ಬರ್ತೀವಿ."

"ನಾನು ಮೊದಲು," ಎಂದಿತು ಮಗು.

ಅಕ್ಕನ ಒಂದು ಪಾದ ಹಲಗೆಯಿಂದ ಆಚೆ ಗಾಳಿಯಲ್ಲಿತ್ತು, ಮೆಟ್ಟಿಲನ್ನು ಹುಡುಕುವ ಹಾಗೆ. ಚಿಕ್ಕಮ್ಮನಿಗೆ ಕಿರುಚಬೇಕೆನ್ನಿಸಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಹಾಗೆ ಅಂಟಿಕೊಂಡದ್ದೇ ಒಳ್ಳೆಯದಾಯಿತು ಎಂದು ಮುಂದೆ ಎಷ್ಟೋ ಸಲ ಅಂದುಕೊಂಡಳು. ಕೊನೆಗೆ ಹೊರಬಂದದ್ದು ದಿನವೂ ಆಡುವ ಮಾತು:

"ಅಕ್ಕಾ, ಅದಿನ್ನೂ ಒಣಗಿಲ್ಲ. ಕಾಲಿಟ್ರೆ ಗುರುತು ಬೀಳತ್ತೆ."

ಅಕ್ಕ ಪಾದವನ್ನು ಹಿಂದಕ್ಕೆ ಎಳೆದುಕೊಂಡಳು.

"ಅಯ್ಯೋ, ಹೌದಲ್ಲ," ಎಂದಳು. ಹಲಗೆಯ ಮೇಲೆ ಕೂತು, ಮಗಳನ್ನೂ ಕೂರಿಸಿಕೊಂಡು, ಬಣ್ಣ ಒಣಗಲಿ ಎಂದು ಕಾಯತೊಡಗಿದಳು. ಚಿಕ್ಕಮ್ಮ ಏಣಿ ಹತ್ತಿ ಹೋಗಿ ಮಗುವಿನ ಇನ್ನೊಂದು ಪಕ್ಕ ಕೂತಳು. ಅದರ ಫ್ರಾಕಿನ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಇವತ್ತು ಯಾಕೆ ಇಷ್ಟು ನಿಧಾನ?" ಎಂದು ಅಕ್ಕ ಮತ್ತೆ ಮತ್ತೆ ಕೇಳಿದಳು.

"ಬಿಸಿಲಿಲ್ಲ ಅಲ್ವಾ," ಎಂದಳು ಚಿಕ್ಕಮ್ಮ. ಹೊರಗೆ ತಲೆ ಸುಡುವ ಬಿಸಿಲಿತ್ತು. ಕೆಳಗೆ ಬೀದಿ ಒಣಗಿ ಯಾವಾಗಲೋ ಆಗಿತ್ತು. ಬಡಗಿ ಬಂದು, ತಲೆಯೆತ್ತಿ ನೋಡಿ, ಸದ್ದಿಲ್ಲದೆ ಏಣಿ ಹತ್ತುವವರೆಗೂ ಅವರು ಮೂವರೂ ಹಾಗೇ ಕೂತಿದ್ದರು.

ಆಸ್ಪತ್ರೆಯಲ್ಲಿ ಅದಕ್ಕೆ ಬೈಪೋಲಾರ್ ಎಂದರು. ಮನಸ್ಸು ಏರುವುದೂ ಉಂಟು, ಇಳಿಯುವುದೂ ಉಂಟು, ಇಳಿದಾಗ ಇನ್ನೂ ಜೋಪಾನ ಎಂದರು. ಇಳಿದಾಗಿನದನ್ನು ಚಿಕ್ಕಮ್ಮ ಆಮೇಲೆ ನೋಡಿದಳು: ಗೋಡೆಯ ಕಡೆ ಮುಖ ಮಾಡಿ ಮಲಗಿದ ಅಕ್ಕ, ಬಾಯಿಗಿಟ್ಟ ತುತ್ತನ್ನು ಜಗಿಯಲು ಮರೆತ ಅಕ್ಕ. ಆದರೂ ಚಿಕ್ಕಮ್ಮನನ್ನು ಹೆಚ್ಚು ಹೆದರಿಸಿದ್ದು ಆ ಹಲಗೆಯೇ. ಗೋಡೆ ನೋಡುತ್ತ ಮಲಗಿದ ಅಕ್ಕನಿಗೆ ತನಗೆ ಹುಷಾರಿಲ್ಲ ಎಂದು ಗೊತ್ತಿತ್ತು. ಹಲಗೆಯ ಮೇಲೆ ನಿಂತವಳಿಗೆ ಗೊತ್ತಿರಲಿಲ್ಲ.

*

ಜನ ಬರತೊಡಗಿದರು. ಹೂವಿಟ್ಟು, ಕಣ್ಣೊರೆಸಿಕೊಂಡು, ಸಾಲು ಕುರ್ಚಿಗಳಲ್ಲಿ ಕೂತರು. ಅಕ್ಕನ ಮನೆಯ ಮೇಲಿನ ಮಹಡಿಯಲ್ಲಿದ್ದಾಕೆ ಚಿಕ್ಕಮ್ಮನ ಪಕ್ಕಕ್ಕೆ ಬಂದು ದನಿ ತಗ್ಗಿಸಿದಳು.

"ಏನಾಯ್ತು, ಪಾಪ?"

"ಹೃದಯ. ಕುರ್ಚಿ ಮೇಲೆ ಕೂತಿದ್ಲು, ಹಾಗೇ ಹೋದ್ಲು."

"ಬರೀ ಹೃದಯಾನಾ?"

"ಬರೀ ಹೃದಯಾನೇ."

ಆಕೆ ಇನ್ನೇನೋ ಬರಬಹುದೆಂದು ಕಾದು, ಬಾರದ್ದರಿಂದ ತಲೆಯಾಡಿಸಿ ಹೋದಳು. ಬಡಗಿ ಹಿಂದಿನ ಕುರ್ಚಿಯಿಂದ ಗೊಣಗಿದ. "ಜೀವಮಾನ ಮಾತ್ರೆ ನುಂಗಿ ನೆಟ್ಟಗೆ ಬದುಕಿದ್ಲು, ನೆಟ್ಟಗೆ ಸತ್ಲು. ಅದಕ್ಕೂ ಇವರಿಗೆ ಸಾಕ್ಷಿ ಬೇಕು."

ನೆಟ್ಟಗೆ ಎಂದರೆ ಅಷ್ಟು ಸುಲಭಕ್ಕಲ್ಲ. ಮಾತ್ರೆಗೆ ಅಕ್ಕನ ಕೈ ನಡುಗುತ್ತಿತ್ತು. ಗೆರೆ ನೇರ ಬರಲೆಂದು ಕೋಲನ್ನು ಸೊಂಟಕ್ಕೆ ಒತ್ತಿ ಹಿಡಿದು ಬರೆಯುವುದನ್ನು ಕಲಿತಳು. ಅವಳ ಮರಗಳ ಎಲೆಗಳು ಅಲುಗಾಡಿದಂತೆ ಕಾಣುತ್ತವೆ ಎಂದು ಪತ್ರಿಕೆಯೊಂದು ಹೊಗಳಿದಾಗ, "ಅದು ಮಾತ್ರೆಯ ಕೈಚಳಕ ಕಣೇ, ಹಾರ ಅದಕ್ಕೇ ಹಾಕಲಿ," ಎಂದಿದ್ದಳು. ಇನ್ನೊಮ್ಮೆ, ಕುಂಚ ತೊಳೆಯುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದ್ದಳು: "ಬಣ್ಣಗಳೆಲ್ಲಾ ಅಲ್ಲೇ ಇದಾವೆ. ಒಂದು ಹೆಜ್ಜೆ ಹಿಂದೆ ನಿಂತಿದಾವೆ. ಕರೆದ್ರೆ ಬರಲ್ಲ." ಆದರೂ ಮಾತ್ರೆ ಬಿಡಲಿಲ್ಲ. ಮಗಳಿಗೆ ಜಡೆ ಹಾಕಿದಳು, ಓದಿಸಿದಳು, ಮದುವೆ ಮಾಡಿದಳು.

ಮಾತಾಡಲು ಚುಕ್ಕಿ ಎದ್ದಳು. ಅಮ್ಮ ಯಜಮಾನರಿಗೆ ಬೈದದ್ದನ್ನು ಅಮ್ಮನ ದನಿಯಲ್ಲೇ ಹೇಳಿದಾಗ ಮಂದಿರವೆಲ್ಲ ನಕ್ಕಿತು. ಅಳುತ್ತಿದ್ದವರೂ ನಕ್ಕರು. ಆಮೇಲೆ ಪರದೆಯ ಕಡೆ ತಿರುಗಿ ಒಂದೊಂದು ಕಿಟಕಿಯಲ್ಲೂ ಯಾರಿದ್ದಾರೆಂದು ಹೇಳತೊಡಗಿದಳು. ಇವರ ಮನೆಯಲ್ಲಿ ಜಗಳ, ಇವರ ಮನೆಯಲ್ಲಿ ಕೂಸು, ಇವರು ಈಗಷ್ಟೇ ಕೆಲಸದಿಂದ ಬಂದರು. ಒಂದು ಮಾತು ಮುಗಿಯುವ ಮೊದಲೇ ಮುಂದಿನದು ಅದರ ಬೆನ್ನು ತುಳಿಯುತ್ತಿತ್ತು. ಮೊದಲು ಎಷ್ಟು ಚೆಂದ ಅನ್ನಿಸಿತು. ಆಮೇಲೆ ಜನ ಕುರ್ಚಿಯಲ್ಲಿ ಮಿಸುಕಾಡಿದರು.

ಅಳಿಯ, ಚುಕ್ಕಿಯ ಗಂಡ, ಚಿಕ್ಕಮ್ಮನ ಕಿವಿಯ ಬಳಿ ಬಾಗಿದ. "ನೋಡಿದ್ರಾ ಚಿಕ್ಕಮ್ಮ? ಇವಳು ಕುಸಿದು ಬೀಳ್ತಾಳೆ ಅಂದ್ಕೊಂಡಿದ್ದೆ. ಇಷ್ಟು ಗಟ್ಟಿಗಿತ್ತಿ ಅಂತ ನನಗೇ ಗೊತ್ತಿರಲಿಲ್ಲ."

"ಮನೆಗೇ ಬಂದಿಲ್ವಾ ಅವಳು?"

"ಬಂದು ಹೋಗಿ ಮಾಡಿದ್ಲು. ಮಲಗಲಿಲ್ಲ. ದುಃಖ ಅಲ್ವಾ, ಒಬ್ಬೊಬ್ಬರದ್ದು ಒಂದೊಂದು ರೀತಿ. ಚಿತಾಗಾರದಿಂದ ಹಾಗೇ ಹೊರಡ್ತಾಳಂತೆ, ಬಂದರಿನ ಊರಿಗೆ."

"ಎಲ್ಲಿಗೆ?"

"ಅತ್ತೆ ಬರೆದ ಹಳೇ ಪರದೆಗಳು ಅಲ್ಲೊಂದು ಗೋದಾಮಿನಲ್ಲಿ ಇದಾವಂತಲ್ಲ. ಎಲ್ಲಾ ತಂದು ಜೋಡಿಸಿದ್ರೆ ಒಂದೇ ಉದ್ದದ ಬೀದಿ ಆಗತ್ತಂತೆ. ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿಲ್ಲ ಅಂತಾಳೆ. ಪುಟಾಣೀನೂ ಕರ್ಕೊಂಡು ಹೋಗ್ತಾಳೆ. ನಾನೂ ಬರ್ತೀನಿ ಅಂದೆ. ಬೂದಿ ತಗೊಳ್ಳೋಕೆ ಒಬ್ಬರು ಬೇಡ್ವಾ, ನೀವಿರಿ ಅಂದ್ಲು."

ಆ ಊರಿಗೆ ಇಡೀ ದಿನದ ದಾರಿ, ಅರ್ಧಕ್ಕರ್ಧ ಬೆಟ್ಟದ ತಿರುವು. ಮುಂದಿನ ಸಾಲಿನಲ್ಲಿ ಚುಕ್ಕಿಯ ಮಗಳು ಪುಟಾಣಿ ಕಾಲು ಆಡಿಸುತ್ತ ಕೂತಿದ್ದಳು. ಅವಳಿಗೂ ಈಗ ಆರು.

"ಹೋಗೋಕೆ ಬಿಡಬೇಡಪ್ಪ."

"ಯಾಕೆ ಚಿಕ್ಕಮ್ಮ? ಹೋಗಿ ಬರಲಿ ಬಿಡಿ. ಮನಸ್ಸು ಹಗುರ ಆಗತ್ತೆ."

ಚಿಕ್ಕಮ್ಮ ಪುಟಾಣಿಯ ಕಡೆ ನೋಡಿದಳು. ಕಾರಣ ಹೇಳಿದರೆ ಚುಕ್ಕಿಗೊಂದು ಹೆಸರು ಅಂಟುತ್ತದೆ. ಅಂಟಿದ್ದು ಸುಳ್ಳಾದರೂ ಬಿಡಿಸಲಾಗುವುದಿಲ್ಲ.

*

ಪುಟಾಣಿ ಹುಟ್ಟಿದ ದಿನ ಅಕ್ಕ ಹೆರಿಗೆ ವಾರ್ಡಿನ ಹೊರಗೆ ಹಾಡಿದ್ದಳು. ದಾರಿಯಲ್ಲಿ ಹೋದವರಿಗೆಲ್ಲ ಸಿಹಿ ಕೊಟ್ಟಳು. ದಾದಿಯೊಬ್ಬಳ ಕೈ ಹಿಡಿದು ಎರಡು ಹೆಜ್ಜೆ ಕುಣಿದೂ ಬಿಟ್ಟಳು. ಚಿಕ್ಕಮ್ಮ ಅವಳನ್ನು ಮೂಲೆಗೆ ಎಳೆದುಕೊಂಡು ಹೋಗಿ ಕೇಳಿದಳು: "ಮಾತ್ರೆ ತಗೊಂಡ್ಯಾ?"

ಅಕ್ಕನ ಮುಖದಲ್ಲಿ ದೀಪ ಆರಿಹೋದದ್ದನ್ನು ಅವಳು ಕಣ್ಣಾರೆ ಕಂಡಳು.

"ತಗೊಂಡೆ," ಎಂದಳು ಅಕ್ಕ. "ಮೊಮ್ಮಗಳು ಹುಟ್ಟಿದಾಳೆ ಕಣೇ. ಅಷ್ಟೇ. ಎಲ್ಲರಿಗೂ ಆಗೋ ಅಷ್ಟೇ ಸಂತೋಷ."

ಅಂದಿನಿಂದ ಅಕ್ಕ ಚಿಕ್ಕಮ್ಮನ ಎದುರು ಅಳೆದು ನಗುತ್ತಿದ್ದಳು. ಮೊದಲು ಸ್ವಲ್ಪ ನಕ್ಕು, ತಂಗಿಯ ಮುಖ ನೋಡಿ, ಆಮೇಲೆ ಇನ್ನೂ ಸ್ವಲ್ಪ.

*

ಚಿತಾಗಾರದ ಕಬ್ಬಿಣದ ಬಾಗಿಲು ಮುಚ್ಚಿದ ಮೇಲೆ ಅಳಿಯ ಕಚೇರಿಯೊಳಗೆ ಸಹಿ ಹಾಕಲು ಹೋದ. ಚಿಕ್ಕಮ್ಮ ನಡುಮನೆಯಂಥ ಉದ್ದ ಕೋಣೆಯ ಕೊನೆಗೆ ಹೋಗಿ, ಗೋಡೆಗೆ ಮುಖ ಮಾಡಿ, ಅಕ್ಕನ ಡಾಕ್ಟರಿಗೆ ಫೋನು ಮಾಡಿದಳು.

"ಫೋನಲ್ಲಿ ಕೇಳಿ ಇದು ಅದೇ ಅಂತ ಹೇಳೋಕಾಗಲ್ಲಮ್ಮ," ಎಂದರು ಅವರು. "ಬರೀ ದುಃಖಾನೂ ಇರಬಹುದು. ನಿದ್ದೆಗೆಟ್ಟರೂ ಹೀಗಾಗತ್ತೆ. ಆದ್ರೆ ಇವತ್ತೇ ನೋಡ್ತೀನಿ, ಈಗಲೇ ಕರ್ಕೊಂಡು ಬನ್ನಿ. ಗಾಡಿ ಮಾತ್ರ ಓಡಿಸೋಕೆ ಬಿಡಬೇಡಿ."

ಹೊರಗೆ ಬರುವಷ್ಟರಲ್ಲಿ ಚುಕ್ಕಿ ಕಾರಿನಲ್ಲಿ ಕೂತಾಗಿತ್ತು. ಎಂಜಿನ್ ಓಡುತ್ತಿತ್ತು. ಪುಟಾಣಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಏನೋ ಗುನುಗುತ್ತಿದ್ದಳು. ಚಿಕ್ಕಮ್ಮ ಓಡಿದಳು. ಈ ವಯಸ್ಸಿನಲ್ಲಿ ತಾನು ಹಾಗೆ ಓಡಬಲ್ಲೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮುಂದಿನ ಬಾಗಿಲು ತೆಗೆದು ಚುಕ್ಕಿಯ ಪಕ್ಕ ಕೂತುಬಿಟ್ಟಳು.

"ನೀನೂ ಬರ್ತೀಯಾ?" ಚುಕ್ಕಿಯ ಮುಖ ಅರಳಿತು. "ಬಾ ಬಾ. ಎಷ್ಟು ಮಜಾ ಇರತ್ತೆ. ದಾರಿಯಲ್ಲೇ ಸೂಜಿ ದಾರ ತಗೊಳ್ಳೋಣ, ಅಲ್ಲೇ ಹೊಲೀಬಹುದು."

"ನನಗೆ ಭಯ ಆಗ್ತಿದೆ, ಚುಕ್ಕಿ."

"ಯಾರ ಭಯ?"

"ನಿನಗೇನೋ ಆಗಿದೆ ಅಂತ ಹೇಳ್ತಿಲ್ಲ. ನನಗೆ ಭಯ ಆಗ್ತಿದೆ. ಎಂಜಿನ್ ಆರಿಸು."

ಚುಕ್ಕಿ ಅವಳನ್ನೇ ನೋಡಿದಳು. ಅರಳಿದ ಮುಖ ಹಾಗೇ ಇತ್ತು, ಕಣ್ಣುಗಳು ಮಾತ್ರ ಗಟ್ಟಿಯಾದವು. "ಅಮ್ಮಂಗೂ ಹೀಗೇ ಮಾಡ್ದೆ ನೀನು. ನಗೋಕೆ ಬಿಡಲಿಲ್ಲ, ಕೆಮ್ಮೋಕೆ ಬಿಡಲಿಲ್ಲ. ಅವಳನ್ನ ಈಗ ತಾನೇ ಕಳಿಸಿ ಬಂದಿದೀಯ, ಕೈ ಖಾಲಿ ಆಯ್ತು, ಅಲ್ವಾ? ಇನ್ನು ನಾನು."

"ಇರಬಹುದು."

"ಇರಬಹುದು ಅಂತೆ."

"ನಾನು ಹೇಳ್ತಿರೋದು ತಪ್ಪೇ ಆಗಿರಲಿ. ಡಾಕ್ಟರ ಹತ್ರ ಹೋಗೋಣ, ತಪ್ಪು ಅಂತ ಅವರೇ ಹೇಳಲಿ. ಆಮೇಲೆ ನನ್ನನ್ನ ಎಷ್ಟು ಬೇಕಾದ್ರೂ ಬೈಯಿ. ಮಾತಾಡಿಸಬೇಡ ಬೇಕಾದ್ರೆ. ಆ ಹಲಗೆ ಮೇಲೆ ನಿನ್ನ ಫ್ರಾಕು ಹಿಡ್ಕೊಂಡಿದ್ದ ಕೈ ಇದು. ಇನ್ನೂ ಬಿಟ್ಟಿಲ್ಲ ಅಂದ್ಕೋ."

ಚುಕ್ಕಿ ಥಟ್ಟನೆ ನಕ್ಕಳು. "ಹಲಗೆ. ನನಗೆ ಚೆನ್ನಾಗಿ ನೆನಪಿದೆ. ನೀವೆಲ್ಲ ಅದನ್ನ ಪಿಸುಗುಟ್ಕೊಂಡು ಹೇಳ್ತೀರಿ. ನನಗೆ ಅವತ್ತು ಒಂಚೂರೂ ಭಯ ಆಗಿರಲಿಲ್ಲ ಚಿಕ್ಕಮ್ಮ. ಅಮ್ಮನ ಕೈ ಬೆಚ್ಚಗಿತ್ತು. ಇಳಿದು ಹೋಗ್ತೀವಿ ಅಂತ ಪೂರ್ತಿ ನಂಬಿದ್ದೆ. ಅಷ್ಟು ಖುಷಿ ಮತ್ತೆ ಯಾವತ್ತೂ..."

ಮಾತು ಅಲ್ಲಿಗೆ ನಿಂತಿತು. ಅವಳ ದೃಷ್ಟಿ ಕನ್ನಡಿಯಲ್ಲಿತ್ತು. ಕನ್ನಡಿಯಲ್ಲಿ ಪುಟಾಣಿ, ಅಮ್ಮನನ್ನೇ ನೋಡುತ್ತ ಹಲ್ಲು ಬಿಟ್ಟು ನಗುತ್ತಿದ್ದಳು.

"ಅಮ್ಮಾ, ಹೋಗೋಣ. ಬೀದಿ ನೋಡೋಕೆ," ಎಂದಿತು ಮಗು.

ಚುಕ್ಕಿ ಬಹಳ ಹೊತ್ತು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಕೀ ತಿರುಗಿಸಿದಳು. ಎಂಜಿನ್ ನಿಂತಾಗ ಚಿತಾಗಾರದ ಒಳಗಿನ ಯಂತ್ರದ ಗುಂಯ್ ಎನ್ನುವ ಸದ್ದು ಅಲ್ಲಿಯವರೆಗೂ ಕೇಳಿತು. ಅವಳು ಕೀಯನ್ನು ಎಳೆದು ಚಿಕ್ಕಮ್ಮನ ಕೈಗೆ ಹಾಕಿ, ಬೆರಳುಗಳನ್ನು ಅದರ ಮೇಲೆ ಮಡಿಸಿದಳು.

"ಇಟ್ಕೋ," ಎಂದಳು. ದನಿ ಈಗ ಸಣ್ಣದಾಗಿತ್ತು. "ನಾನು ಕೇಳಿದ್ರೂ ಕೊಡಬೇಡ. ಕೇಳ್ತೀನಿ ನಾನು. ಚೆನ್ನಾಗಿ ಕೇಳ್ತೀನಿ. ಕೊಡಬೇಡ."

"ಕೊಡಲ್ಲ."

"ಅದು ಬರೋದು ಗೊತ್ತಾಗತ್ತೆ ಅಂದ್ಕೊಂಡಿದ್ದೆ. ಬಾಗಿಲು ತಟ್ಟತ್ತೆ ಅಂತ. ಹೀಗೆ ಒಳ್ಳೇದಾಗಿ ಬರತ್ತೆ ಅಂತ ಅಮ್ಮ ಹೇಳಿರಲಿಲ್ಲ."

ಚಿಕ್ಕಮ್ಮ ಇನ್ನೊಂದು ಕೈಯಿಂದ ಅವಳ ತಲೆ ಸವರಿದಳು. ಕೂದಲಿನ ಬುಡ ಸುಡುತ್ತಿತ್ತು. ಕಚೇರಿಯ ಬಾಗಿಲಿನ ಕಡೆ ನೋಡಿದಳು. ಅಳಿಯ ಇನ್ನೂ ಬಂದಿರಲಿಲ್ಲ. ಗಾಜಿನಾಚೆ ಅವನ ಬೆನ್ನು ಕಾಣುತ್ತಿತ್ತು, ಯಾರ ಮಾತಿಗೋ ತಲೆಯಾಡಿಸುತ್ತಿದ್ದ. ಬಿಸಿಲಿಗೆ ಕಾರು ಕಾಯತೊಡಗಿತು.

"ಸೆಕೆ," ಎಂದಳು ಪುಟಾಣಿ.

ಚುಕ್ಕಿ ನೆಟ್ಟಗೆ ಕೂತಳು. ಕೂದಲು ಸರಿಮಾಡಿಕೊಂಡಳು. ಚಿಕ್ಕಮ್ಮನ ಕಡೆ ತಿರುಗಿದಾಗ ಅವಳ ಮುಖದಲ್ಲಿ ಈಗ ತಾನೇ ಕಂಡದ್ದು ಯಾವುದೂ ಇರಲಿಲ್ಲ.

"ಕೀ ಕೊಡು ಚಿಕ್ಕಮ್ಮ," ಎಂದಳು. "ಎಸಿ ಹಾಕ್ತೀನಿ, ಅಷ್ಟೇ. ಮಗು ಬೆವೆತು ಹೋಗಿದೆ."

ಎಷ್ಟು ಮೃದುವಾಗಿ, ಎಷ್ಟು ಸಹಜವಾಗಿ ಕೇಳಿದಳೆಂದರೆ ಚಿಕ್ಕಮ್ಮನ ಕೈ ಇನ್ನೇನು ತೆರೆಯಲಿತ್ತು. ಅವಳು ಅದನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತಳು. ಕೀಯ ಹಲ್ಲು ಅಂಗೈಗೆ ಒತ್ತಿತು.

"ಅಜ್ಜಿ, ಕೊಡಿ ಅಜ್ಜಿ," ಎಂದಳು ಪುಟಾಣಿ.

ಚುಕ್ಕಿ ಬಲವಂತ ಮಾಡಲಿಲ್ಲ. ನಗುತ್ತಲೇ ತನ್ನ ಕೈಯನ್ನು ಅಂಗೈ ಮೇಲಾಗಿ ಚಿಕ್ಕಮ್ಮನ ಮಡಿಲಲ್ಲಿ ಇಟ್ಟಳು. ಅದು ಅಲ್ಲಿಯೇ ಬಿಚ್ಚಿಕೊಂಡು ಕಾಯುತ್ತಿತ್ತು. ಹಿಂದಿನಿಂದ ಮಗುವಿನ ಪುಟ್ಟ ಕಾಲು ಸೀಟಿನ ಬೆನ್ನಿಗೆ ಒದೆಯುತ್ತಿತ್ತು, ಮೆತ್ತಗೆ, ಬಿಡದೆ.